ಬಲಗಡೆಯ ಗಂಟು

ಕುರ್ಡಿಯಲ್ಲಿ ಒಂದು ಬೋರಿನ ಮೋಟರು ಎತ್ತಿ, ಸುಟ್ಟದ್ದನ್ನು ಬದಲಿಸಿ, ಮತ್ತೆ ಇಳಿಸಿ, ಮಾನ್ವಿಯ ಮನೆಗೆ ಬಂದು ಬಚ್ಚಲಲ್ಲಿ ಕೂತಿದ್ದೆ. ಗ್ರೀಸು ಬಲು ಹಠಮಾರಿ. ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದೇ ಉಳಿಯುತ್ತದೆ. ಬಲ ಎದೆಯ ಮೇಲೂ ಒಂದು ಕಪ್ಪು ಕಲೆ ಇತ್ತು. ತಿಕ್ಕಿದೆ, ಹೋಯಿತು. ಅದು ಹೋದ ಜಾಗದಲ್ಲಿ ಬೆರಳಿಗೆ ಬೇರೆಯದೇ ಒಂದು ಸಿಕ್ಕಿತು. ಚರ್ಮದ ಒಳಗೆ, ತೊಟ್ಟಿನ ಮಗ್ಗುಲಲ್ಲಿ, ಹುಣಸೆ ಬೀಜದಷ್ಟು ದೊಡ್ಡದು, ಗಟ್ಟಿಯಾದದ್ದು.

ತಂಬಿಗೆ ಕೆಳಗಿಟ್ಟೆ. ಮೈಮೇಲಿನ ಸೋಪು ಒಣಗುವ ತನಕ ಹಾಗೇ ಕೂತಿದ್ದೆ.

ಎಡಗಡೆ ನನಗೆ ಎದೆ ಅನ್ನುವುದೇ ಇಲ್ಲ. ಅಲ್ಲಿರುವುದು ಕಂಕುಳದಿಂದ ನಡು ಎದೆಯ ತನಕ ಎಳೆದ ಒಂದು ಗೆರೆ. ಹೋದ ವರ್ಷ ಅಲ್ಲಿ ಇಂಥದೇ ಒಂದು ಗಂಟು ಸಿಕ್ಕಿತ್ತು, ಕ್ಯಾನ್ಸರ್ ಅಂದರು. ಗಂಡಸಿಗೆ ಎದೆಯ ಕ್ಯಾನ್ಸರ್ ಬರುತ್ತದೆಂಬುದು ಡಾಕ್ಟರಮ್ಮ ಎದುರಿಗೆ ಕೂಡ್ರಿಸಿಕೊಂಡು ಹೇಳುವ ತನಕ ನನಗೂ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಇವತ್ತಿಗೂ ಅರ್ಧ ಮಂದಿ ನಂಬುವುದಿಲ್ಲ. ಎದೆಯ ಆಪರೇಷನ್ ಅಂದರೆ ಹಾರ್ಟು ಅಂದುಕೊಂಡಿದ್ದರು, ಆಗ ನಾನೂ ತಿದ್ದಲು ಹೋಗಿರಲಿಲ್ಲ. ಆಪರೇಷನ್ ಆಯಿತು, ಕೀಮೋ ಆಯಿತು, ಹೋದ ಕೂದಲು ತಿರುಗಿ ಬಂತು. ದಿನಾ ನುಂಗುವ ಒಂದು ಗುಳಿಗೆ ಉಳಿಯಿತು. ಕೆಲಸಕ್ಕೆ ಮರಳಿ ಒಂದು ಬೇಸಿಗೆಯೂ ಪೂರ್ತಿ ಕಳೆದಿರಲಿಲ್ಲ.

ಆ ಕೆಲಸ ಎಂಥದೆಂದು ಇಲ್ಲಿ ಹೇಳಿಬಿಡುತ್ತೇನೆ. ಬೋರಿನೊಳಗೆ ಮೋಟರು ತೂಗಿ ನಿಲ್ಲುವುದು ಕಬ್ಬಿಣದ ಪೈಪುಗಳ ಆಧಾರದಲ್ಲಿ. ಒಂದಕ್ಕೊಂದು ಪೈಪು ಜೋಡಿಸುತ್ತ, ಚೈನ್ ಪುಲ್ಲಿಯಿಂದ ನಿಧಾನಕ್ಕೆ ಇಳಿಸುತ್ತ ಹೋಗುತ್ತೇವೆ. ಪ್ರತಿ ಜೋಡಣೆಯ ತಿರುಪಿನ ಗೆರೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಕು, ಸೆಣಬಿನ ದಾರ ಸುತ್ತಿ ಪೇಂಟು ಬಳಿಯಬೇಕು, ಕೈಯಿಂದ ತಿರುಗುವಷ್ಟು ತಿರುಗಿಸಿ ಆಮೇಲೆ ಪಾನಾ ಹಾಕಬೇಕು. ಪಾನಾ ಅಂದರೆ ಪೈಪನ್ನು ಕಚ್ಚಿ ಹಿಡಿಯುವ, ಉದ್ದ ಹಿಡಿಕೆಯ ರೆಂಚು. ಉಳಿದ ಸುತ್ತುಗಳನ್ನೆಲ್ಲ ಯಾರು ಬೇಕಾದರೂ ತಿರುಗಿಸಬಹುದು. ಕೊನೆಯ ಆ ಒಂದು ಬಿಗಿತ ಮಾತ್ರ ಬರೋಬರಿ ಆಗಬೇಕು. ಅದು ಸಡಿಲಾದರೆ, ಮೋಟರು ಚಾಲೂ ಆಗುವ ಝಟಕಾಕ್ಕೆ ಜೋಡಣೆ ಬಿಚ್ಚಿಕೊಂಡು, ಕೆಳಗಿನ ಪೈಪು, ಕೇಬಲ್ಲು, ಮೋಟರು ಎಲ್ಲ ಬೋರಿನ ತಳ ಸೇರುತ್ತವೆ. ನಾನು ಬಿಗಿದ ಜೋಡಣೆ ಇದುವರೆಗೆ ಒಂದೂ ಬಿಚ್ಚಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಶಾಲೆ ಬೇಗ ಬಿಟ್ಟವನು. ಹೇಳಿಕೊಳ್ಳಲು ನನಗೆ ಇರುವ ಸರ್ಟಿಫಿಕೇಟು ಅದೊಂದೇ.

ಮೊದಲು ಆ ಕೊನೆಯ ಬಿಗಿತವನ್ನು ಎರಡೂ ಕೈಯಿಂದ ಎಳೆದು ಮಾಡುತ್ತಿದ್ದೆ. ಆಪರೇಷನ್ನಿನಲ್ಲಿ ಎಡ ಕಂಕುಳದ ಗ್ರಂಥಿಗಳನ್ನೂ ತೆಗೆದಿದ್ದರಿಂದ, ಆ ಕೈಗೆ ಭಾರ ಹಾಕಿದರೆ ಬಾವು ಬರುತ್ತದೆಂದು ಡಾಕ್ಟರಮ್ಮ ಎಚ್ಚರಿಕೆ ಕೊಟ್ಟಿದ್ದರು. ಹಾಗಂತ ಪಾನಾವನ್ನು ಇನ್ನೊಬ್ಬರ ಕೈಗೆ ಕೊಡುವ ಮನುಷ್ಯ ನಾನಲ್ಲ. ಬಲಗೈಯಲ್ಲಿ ಹಿಡಿದು, ಕಡಿಮೆ ಬಿದ್ದ ಜೋರನ್ನು ಮೈಯಿಂದ ಹಾಕುವುದನ್ನು ರೂಢಿ ಮಾಡಿಕೊಂಡೆ. ಕೆಲಸ ನಿಲ್ಲಲಿಲ್ಲ. ಹಳೆಯ ಗಿರಾಕಿಗಳು, "ಮೇಸ್ತ್ರಿ ಮತ್ತ ಮೊದಲಿನಂಗ ಆಗ್ಯಾನ" ಅಂದರು. ಆ ಮಾತು ಕೇಳಲಿಕ್ಕೇ ನಾನು ಅಷ್ಟು ಗಡಿಬಿಡಿಯಿಂದ ಕೆಲಸಕ್ಕೆ ಮರಳಿದ್ದೆ.

ಈಗ ಗಂಟು. ಮುಂದಿನ ಚೆಕಪ್ಪಿಗೆ ಇನ್ನೂ ದಿನ ಇತ್ತು. ಅಲ್ಲಿಯ ತನಕ ಯಾರಿಗೂ ಹೇಳದೆ ನೋಡೋಣ, ತಾನಾಗೇ ಕರಗಿದರೂ ಕರಗೀತು ಅಂದುಕೊಂಡೆ. ಅಂದುಕೊಂಡದ್ದೇನೋ ಸರಿ, ಬೆರಳು ಸುಮ್ಮನಿರಬೇಕಲ್ಲ. ಬಸ್ಸಿನಲ್ಲಿ ಕೂತಾಗ ಅಂಗಿಯ ಗುಂಡಿ ಸರಿಮಾಡುವವನಂತೆ ಕೈ ಅಲ್ಲಿಗೆ ಹೋಗುತ್ತಿತ್ತು. ಚಹಾ ಕುಡಿಯುವಾಗ ಹೋಗುತ್ತಿತ್ತು. ಒಮ್ಮೆ ದೊಡ್ಡದಾಗಿದೆ ಅನಿಸುತ್ತಿತ್ತು, ಇನ್ನೊಮ್ಮೆ ಇದ್ದಷ್ಟೇ ಇದೆ ಅನಿಸುತ್ತಿತ್ತು. ಮೊದಲನೆಯ ಸಲದ ಭಯಕ್ಕೆ ಹೆಸರಿರಲಿಲ್ಲ. ಏನಾಗುತ್ತದೆ, ಎಲ್ಲಿ ಕೊಯ್ಯುತ್ತಾರೆ, ಕೀಮೋದ ಸೂಜಿ ಹಾಕಿದ ಮರುದಿನ ಅನ್ನದ ವಾಸನೆ ಹೇಗಿರುತ್ತದೆ ಎಂದು ಏನೂ ಗೊತ್ತಿಲ್ಲದೆ ಹೋಗಿದ್ದೆ. ಈ ಸಲ ಎಲ್ಲ ಗೊತ್ತಿತ್ತು. ಗೊತ್ತಿದ್ದು ಹೆದರುವುದು ಬೇರೆ ಥರ.

ಹೀಗಿರುವಾಗ ಅರಕೇರಾದ ಕೆಲಸ ಬಂತು. ಒಂದು ಓಣಿಗೆಲ್ಲ ಕುಡಿಯುವ ನೀರು ಕೊಡುವ ಬೋರು, ಮೋಟರು ಸುಟ್ಟು ನಿಂತಿತ್ತು. ನನ್ನ ಜೊತೆ ಕೆಲಸ ಮಾಡುವವನು ನನ್ನ ಹೆಂಡತಿಯ ತಮ್ಮ. ಎರಡು ಮಕ್ಕಳ ತಂದೆ, ಗಟ್ಟಿ ಆಳು. ಬಾಯಿ ಮಾತ್ರ ಕೈಗಿಂತ ಜೋರು. ಮೂರು ಕಾಲಿನ ಕಂಬ ನಿಲ್ಲಿಸಿ, ಪುಲ್ಲಿ ಕಟ್ಟಿ, ಹಳೆಯ ಮೋಟರನ್ನು ಮೇಲೆತ್ತಿದೆವು. ಹೊಸದನ್ನು ಕಟ್ಟಿ ಇಳಿಸತೊಡಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಗಿಡದ ನೆರಳಲ್ಲಿ ಹೆಣ್ಣುಮಕ್ಕಳು ಕೊಡಗಳನ್ನು ಸಾಲಾಗಿ ಇಟ್ಟು ಕೂತಿದ್ದರು.

"ಯಪ್ಪಾ ಮೇಸ್ತ್ರಿ, ಸಂಜಿಗಿ ನೀರು ಬರ್ತಾವೇನು?" ಅವರಲ್ಲೊಬ್ಬ ಮುದುಕಿ ಕೇಳಿದಳು.

"ಬರ್ತಾವ ಯವ್ವಾ."

"ಮೊನ್ನಿ ಬಂದಾವನೂ ಹಂಗ ಅಂದು ಹ್ವಾದ. ಈ ಕಡಿ ಮಾರಿ ಹಾಕಿಲ್ಲ."

"ನಮ್ಮ ಮಾಮಾ ಹಂಗಲ್ಲಬೇ," ನನ್ನ ಹೆಂಡತಿಯ ತಮ್ಮ ನಡುವೆ ಬಾಯಿ ಹಾಕಿದ. "ನೀರು ಬರದಿದ್ರ ಇವನನ್ನೇ ಬೋರಿನಾಗ ಇಳಿಸ್ತೀನಿ."

ಹೆಂಗಸರು ನಕ್ಕರು. ನಾನೂ ನಗುತ್ತಲೇ ಮುಂದಿನ ಜೋಡಣೆಗೆ ಪಾನಾ ಹಾಕಿ, ಕೊನೆಯ ಬಿಗಿತಕ್ಕೆ ಹಿಡಿಕೆಯ ಮೇಲೆ ಮೈಭಾರ ಬಿಟ್ಟೆ. ಗಂಟಿನ ಜಾಗದಲ್ಲಿ ದಬ್ಬಣ ಚುಚ್ಚಿದಂತಾಯಿತು. ಪಾನಾ ಬಿಟ್ಟೆ. ಕಂಬ ಹಿಡಿದುಕೊಂಡು ನಿಂತೆ. ಇಷ್ಟು ದಿನ ನೋವಿಲ್ಲದೆ ಇದ್ದದ್ದು ಈಗ ನೋಯಲು ಶುರುವಾಯಿತು ಅಂದರೆ ಒಳಗೆ ಬೆಳೆದಿದೆ ಎಂದೇ ಅರ್ಥ ಮಾಡಿಕೊಂಡೆ. ಬೇರೆ ಅರ್ಥ ತಲೆಗೆ ಹೊಳೆಯಲೇ ಇಲ್ಲ.

"ಯಾಕ ಮಾಮಾ, ನಿಂತೆಲ್ಲ?"

"ಏನಿಲ್ಲ."

"ಏನಿಲ್ಲಂದ್ರ ಮಾರಿ ಯಾಕ ಹಂಗ ಬೆಳ್ಳಗಾಗ್ಯಾದ?"

"ಬಿಸಲು ಲೇ."

"ಬಿಸಲಿಗಿ ಮಾರಿ ಕರ್ರಗ ಆಗ್ತದ. ಬೆಳ್ಳಗಾಗಿದ್ದು ನಾ ಎಲ್ಲೂ ನೋಡಿಲ್ಲ."

ಅರ್ಧ ಪೈಪು ಬೋರಿನೊಳಗಿದ್ದವು, ಅರ್ಧ ನೆಲದ ಮೇಲೆ. ಒಳಗಿನ ಭಾರವೆಲ್ಲ ಬೋರಿನ ಬಾಯಿಗೆ ಅಡ್ಡ ಹಾಕಿದ ಒಂದು ಕ್ಲಾಂಪಿನ ಮೇಲೆ ತೂಗುತ್ತಿತ್ತು. ಈ ಸ್ಥಿತಿಯಲ್ಲಿ ಕೆಲಸ ಬಿಟ್ಟು ಏಳುವಂತಿಲ್ಲ. ಹಲ್ಲು ಕಚ್ಚಿ ಮುಗಿಸಿಬಿಡಲೇ ಅಂದುಕೊಂಡು ಮುಂದಿನ ಪೈಪಿಗೆ ದಾರ ಸುತ್ತಿದೆ. ಪಾನಾ ಎತ್ತಿದೆ. ಮೈ ಮುಂದೆ ಹೋಗಲಿಲ್ಲ. ನಾನು ಹೇಳಿದಂತೆ ನನ್ನ ಮೈ ಕೇಳದೆ ನಿಂತದ್ದು ಅದೇ ಮೊದಲು. ಕೀಮೋ ನಡೆದಾಗಲೂ ಎದ್ದು ನನ್ನ ನೀರು ನಾನೇ ತಂದುಕೊಂಡವನು.

ಪಾನಾವನ್ನು ಅವನ ಮುಂದೆ ಹಿಡಿದೆ. "ತಗೊ. ಉಳಿದಿದ್ದು ನೀ ಬಿಗಿ."

ಅವನು ಹಿಡಿದುಕೊಳ್ಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದರೂ ಕೊನೆಯ ಬಿಗಿತಕ್ಕೆ ನಾನು ಅವನಿಗೆ ಪಾನಾ ಕೊಟ್ಟವನಲ್ಲ. "ಮಾಮಾ, ಏನಾಗ್ಯಾದ? ಖರೇ ಹೇಳು."

ಹೆಂಗಸರಿಗೆ ಬೆನ್ನು ಮಾಡಿ, ಅಂಗಿಯ ಮೇಲಿಂದಲೇ ಬೆರಳಿಟ್ಟು ತೋರಿಸಿದೆ. "ಇಲ್ಲಿ. ಮತ್ತೊಂದು ಬಂದದ."

ಅವನು ನನ್ನ ಬೆರಳು ನೋಡಿದ, ಮುಖ ನೋಡಿದ. ಪಾನಾ ತೆಗೆದುಕೊಂಡ, ಕೆಳಗಿಟ್ಟ, ಕೈ ಒರೆಸಿಕೊಂಡು ಮತ್ತೆ ತೆಗೆದುಕೊಂಡ. ಆಮೇಲೆ ಕೇಳಿದ: "ಅಕ್ಕಗ ಹೇಳಿಯೇನು?"

"ಇಲ್ಲ."

"ಹಂಗಾದ್ರ ಇವತ್ತ ಹೇಳು. ನೀ ಹೇಳದಿದ್ರ ನಾ ಹೇಳ್ತೀನಿ."

"ಹೇಳ್ತೀನಿ ಲೇ. ಮೊದಲು ಇದನ್ನ ಬಿಗಿ. ಆ ಯವ್ವಗ ನೀರು ಬರ್ತಾವಂತ ಮಾತು ಕೊಟ್ಟೀವಿ."

ಅವನು ಬಿಗಿದ. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಿವಿ ಕೊಟ್ಟೆ. ಜೋಡಣೆ ಬಿಗಿಯಾಗುತ್ತ ಬಂದಂತೆ ಪೈಪು ಒಂದು ಥರ ಕಿರುಗುಟ್ಟುತ್ತದೆ. ಆ ಸದ್ದು ಸಣ್ಣಗಾಗಿ, ಗಂಟಲು ಹಿಡಿದಂತಾದಾಗ ನಿಲ್ಲಬೇಕು. "ಇನ್ನಾ... ಇನ್ನೊಂದೀಟು... ಸಾಕು." ಪ್ರತಿ ಪೈಪಿಗೂ ಹೀಗೆಯೇ. ಸಂಜೆಗೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಮುದುಕಿ ಕೊಡ ತುಂಬಿಸಿಕೊಂಡು ಹೋಗುವಾಗ ನನ್ನ ಕಡೆ ನೋಡಿ, "ಮಾತು ಉಳಿಸಿಕೊಂಡಿ" ಅಂದಳು. ಇನ್ನೊಂದು ಮಾತು ಉಳಿದಿತ್ತು, ಮನೆಯಲ್ಲಿ ಹೇಳುವುದು.

ಹೆಂಡತಿ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡವಳೇ ಒಂದು ಬನಿಯನ್ ಎತ್ತಿ ಹಿಡಿದಳು. "ಬಂದ್ರ್ಯಾ? ಈ ಬನಿಯನ್ ನೋಡ್ರಿ. ಎಲ್ಲಾ ಬೆಳ್ಳಗಾಗ್ತದ, ಈ ಬಲಗಡಿ ಕರೀ ಕಲಿ ಮಾತ್ರ ಹೋಗವಲ್ದು. ತಿಕ್ಕಿ ತಿಕ್ಕಿ ನನ್ನ ಉಂಗುರ ಸವದಾವ."

ಪಕ್ಕದ ಕಲ್ಲಿನ ಮೇಲೆ ಕೂತು ಹೇಳಿದೆ. ಕುರ್ಡಿಯ ಕೆಲಸ ಮುಗಿಸಿ ಬಂದಾಗಿನಿಂದ ಶುರುಮಾಡಿ ಅರಕೇರಾದಲ್ಲಿ ಪಾನಾ ಕೊಟ್ಟದ್ದರ ತನಕ. ಅವಳು ನಲ್ಲಿ ನಿಲ್ಲಿಸಿದಳು. ಅಳುತ್ತಾಳೆ ಅಂದುಕೊಂಡೆ. ಬೈದಳು.

"ನನ್ನ ತಮ್ಮಗ ಮೊದಲು ಹೇಳ್ತೀರಿ, ನನಗ ಆಮ್ಯಾಲ? ಹೋದ ವರ್ಷ ದವಾಖಾನಿಯಾಗ ನಿಮ್ಮ ವಾಂತಿಗಿ ಡಬ್ಬಿ ಹಿಡದಾಕಿ ಯಾರು, ಅವನೇನು?"

"ಅವ ಅಲ್ಲೇ ಇದ್ದ..."

"ನಾ ಎಲ್ಲಿದ್ದೆ? ಲಂಡನ್ನಾಗ ಇದ್ದೆನೇನು? ಎಲ್ಲಿ, ತೋರ್ಸ್ರಿ."

ಒದ್ದೆ ಬೆರಳು ತಣ್ಣಗಿದ್ದವು. ಮುಟ್ಟಿದಳು, ಸುತ್ತಲೂ ಮೆಲ್ಲಗೆ ಒತ್ತಿದಳು, ಕೈ ತೆಗೆದಳು. ಸೆರಗಿಗೆ ಬೆರಳು ಒರೆಸಿಕೊಂಡಳು. "ನಾಳಿ ಮುಂಜಾನಿ ಮೊದಲನೇ ಬಸ್ಸಿಗಿ ರಾಯಚೂರಿಗೆ ಹೋಗಮು."

"ನಾಳಿ ಜಾಲಹಳ್ಳಿ ಕೆಲಸ ಅದ. ಚೆಕಪ್ಪಿಗೂ ಇನ್ನಾ ದಿನ..."

"ಜಾಲಹಳ್ಳಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಅಷ್ಟೇ. ನಲ್ಲಿ ತಿರುಗಿಸಿ ಮತ್ತೆ ಬಟ್ಟೆ ಹಿಂಡತೊಡಗಿದಳು. ಅದೇ ಬನಿಯನ್ನನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು.

ರಾಯಚೂರಿನ ಆ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡುವ ಕೋಣೆಯ ಹೊರಗಿನ ಬೆಂಚುಗಳಲ್ಲಿ ಕೂತಿರುವವರೆಲ್ಲ ಹೆಂಗಸರೇ. ಗಂಡಸರು ಚೀಲ ಹಿಡಿದು ಗೋಡೆಗೆ ಆತು ನಿಲ್ಲುತ್ತಾರೆ. ನಾನೂ ಅವರಂತೆಯೇ ನಿಂತುಕೊಂಡೆ. ಹೋದ ವರ್ಷವೂ ಹೀಗೇ ಪೇಷಂಟಿನ ಗಂಡನ ಹಾಗೆ ನಿಂತಿದ್ದೆ. ಬೆಂಚಿನ ಮೇಲೆ ಕೂತ ನನ್ನ ಹೆಂಡತಿಗೆ ಮಗ್ಗುಲಿನ ಹಿರಿಯಳೊಬ್ಬಳು ಕೇಳಿದಳು.

"ನಿನಗ ಯಾವ ಕಡಿ ಯವ್ವಾ?"

"ನನಗಲ್ಲಬೇ. ನಮ್ಮನಿಯವ್ರಿಗೆ."

ಹಿರಿಯಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೆಂಚಿಗೆ ಬೆಂಚೇ ತಿರುಗಿ ನೋಡಿತು. ನೆಲ ಬಾಯಿ ಬಿಡಬಾರದೇ ಅನಿಸಿತು.

"ಗಂಡಸರಿಗೂ ಬರ್ತದೇನು ಇದು?"

"ಬರ್ತದ ಯವ್ವಾ. ಅಪರೂಪಕ್ಕ."

ಅವಳು ಸ್ವಲ್ಪ ಯೋಚಿಸಿದಳು. "ಛಲೋ ಆತು ಬಿಡು. ಎಲ್ಲಾ ನಮಗ ಇಟ್ಟಾನಂತ ದೇವ್ರಿಗೆ ಬೈತಿದ್ದೆ, ಸುಮ್ನ ಬೈದೆ."

ಬೆಂಚು ಪೂರ್ತಿ ನಕ್ಕಿತು. ಒಳಗಿನಿಂದ ನರ್ಸು ತಲೆ ಹೊರಹಾಕಿ ಸುಮ್ಮನಿರಲು ಹೇಳಬೇಕಾಯಿತು. ಆ ಹಿರಿಯಳು ಸರಿದು, ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. "ಪೇಷಂಟ್ ಆಗಿ ಯಾಕ ನಿಂತಿ? ಕುಂದ್ರು ಬಾ ಯಪ್ಪಾ. ಇಲ್ಲಿ ಎಲ್ಲಾರೂ ಒಂದ."

ಕೂತೆ. ಇಷ್ಟು ದಿನ ಹೊತ್ತು ತಿರುಗಿದ ನಾಚಿಕೆ ಆ ಬೆಂಚಿನ ಕೆಳಗೆಲ್ಲೋ ಬಿದ್ದುಹೋಯಿತು. ಅವಳಿಗೂ ನನ್ನಂತೆಯೇ ಇಲಾಜು ಮುಗಿದ ಮೇಲೆ ಇನ್ನೊಂದು ಗಂಟು ಸಿಕ್ಕಿತ್ತಂತೆ. "ಏನಂದ್ರು?" ಎಂದು ಕೇಳಿದೆ. "ಹೇಳಾಕಂತಲೇ ಇವತ್ತ ಕರ್ದಾರ," ಅಂದಳು. ನನ್ನ ಕೈಮೇಲೆ ಒಮ್ಮೆ ತಟ್ಟಿ, ಕರೆದಾಗ ಎದ್ದು ಡಾಕ್ಟರಮ್ಮನ ಕೋಣೆಗೆ ಹೋದಳು. ಅವಳು ಹೊರಬರುವ ಮುಂಚೆ ನನ್ನ ಸ್ಕ್ಯಾನಿನ ಪಾಳಿ ಬಂತು. ಅವಳಿಗೆ ಏನಂದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಗಂಟನ್ನು ಮುಟ್ಟಿ ನೋಡಿದರು, ಎರಡೂ ಕಂಕುಳ ನೋಡಿದರು. "ಚೆಕಪ್ ತನಕ ಕಾಯದೇ ಬಂದಿದ್ದು ಒಳ್ಳೇದಾಯ್ತು. ಇಲ್ಲಿ ಪೆಟ್ಟೇನಾದ್ರೂ ಬಿದ್ದಿತ್ತಾ?"

"ಇಲ್ರಿ."

"ನೆನಪು ಮಾಡ್ಕೊಳ್ರಿ. ಬಿದ್ದದ್ದು, ಬಡಿದದ್ದು?"

"ಏನೂ ಇಲ್ರಿ." ನಮ್ಮ ಕೆಲಸದಲ್ಲಿ ಪೆಟ್ಟು ಅಂದರೆ ಪುಲ್ಲಿಯ ಚೈನು ಜಾರಿ ಬೆರಳು ಸಿಕ್ಕಬೇಕು, ಪೈಪು ಕಾಲಿನ ಮೇಲೆ ಬೀಳಬೇಕು, ರಕ್ತ ಕಾಣಬೇಕು. ಅಂಥದೇನೂ ಆಗಿರಲಿಲ್ಲ.

"ಸ್ಕ್ಯಾನ್‌ನಲ್ಲಿ ಪೂರ್ತಿ ಸ್ಪಷ್ಟ ಆಗ್ತಿಲ್ಲ. ಕ್ಯಾನ್ಸರ್ ಅಂತ ಹೇಳಲಾರೆ, ಅಲ್ಲ ಅಂತಾನೂ ಹೇಳಲಾರೆ. ಒಮ್ಮೆ ಆದವರಿಗೆ ನಾವು ಅಂದಾಜಿನ ಮೇಲೆ ಮಾತಾಡಬಾರದು. ಸೂಜಿ ಹಾಕಿ ತುಣುಕು ತೆಗೆದು ನೋಡೋಣ."

ಜಾಗ ಜೋಮು ಹಿಡಿಯಲು ಇಂಜೆಕ್ಷನ್ ಕೊಟ್ಟು ದಪ್ಪ ಸೂಜಿ ಹಾಕಿದರು. ಒಂದೊಂದು ಸಲವೂ ಟಕ್ ಎಂದು ಸದ್ದಾಗುತ್ತಿತ್ತು. ತೆಗೆದ ತುಣುಕುಗಳು ಶೀಶೆಯಲ್ಲಿ ದಾರದ ಚೂರುಗಳಂತೆ ತೇಲುತ್ತಿದ್ದವು. ಬೋರು ಕೊರೆಯುವಾಗ ಮೇಲೆ ಬರುವ ಪುಡಿಯನ್ನು ಬೊಗಸೆಯಲ್ಲಿ ಹಿಡಿದು, ಕೆಳಗೆ ನೀರಿದೆಯೋ ಬರೀ ಬಂಡೆಯೋ ಎಂದು ಮಂದಿ ನೋಡುವುದನ್ನು ಎಷ್ಟು ಸಲ ಕಂಡಿದ್ದೇನೆ. ಈಗ ನನ್ನದನ್ನು ನೋಡುವವರು ಬೇರೆ ಇದ್ದರು.

ರಿಪೋರ್ಟು ಬರುವ ತನಕ ಕೆಲಸಕ್ಕೆ ಹೋಗುವಂತಿರಲಿಲ್ಲ. ಜಾಲಹಳ್ಳಿಯ ಕೆಲಸಕ್ಕೆ ಮರುದಿನ ನನ್ನ ಹೆಂಡತಿಯ ತಮ್ಮ ಇನ್ನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದ. ಮಧ್ಯಾಹ್ನ ಫೋನು ಬಂತು.

"ಮಾಮಾ, ಫೋನ್ ಕಿವಿಗಿ ಗಟ್ಟಿ ಹಚ್ಕೊ. ಪೈಪಿಗೆ ಹಿಡೀತೀನಿ, ಕೇಳು."

ಏನೆಂದು ಕೇಳುವಷ್ಟರಲ್ಲಿ ಕಿವಿಯಲ್ಲಿ ಪೈಪು ಕಿರುಗುಟ್ಟಿತು. ಮಾನ್ವಿಯ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಜಾಲಹಳ್ಳಿಯ ಬೋರಿನ ಜೋಡಣೆ ಕೇಳಿದೆ. "ಇನ್ನಾ... ಇನ್ನೊಂದೀಟು... ಸಾಕು, ನಿಲ್ಲು!" ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಮುಂದಿನ ಪೈಪಿಗೂ ಫೋನು ಬಂತು, ಅದರ ಮುಂದಿನದಕ್ಕೂ ಬಂತು. ಕೊನೆಕೊನೆಗೆ ನಾನು ಸಾಕು ಅನ್ನುವ ಮೊದಲೇ ಸದ್ದು ನಿಲ್ಲುತ್ತಿತ್ತು, ಬರೋಬರಿ ನಿಲ್ಲಬೇಕಾದಲ್ಲೇ. ಅವನಿಗೆ ನನ್ನ ಕಿವಿ ಬೇಕಾಗಿರಲಿಲ್ಲ. ಗಂಟಿನ ಮೇಲೆ ಬೆರಳಿಟ್ಟುಕೊಂಡು ಕೂತವನಿಗೆ ಕಿವಿಗೊಂದು ಕೆಲಸ ಕೊಟ್ಟಿದ್ದ, ಅಷ್ಟೇ. ಗೊತ್ತಾದರೂ ಗೊತ್ತಾದಂತೆ ತೋರಿಸಿಕೊಳ್ಳಲಿಲ್ಲ. "ಇನ್ನಾ" ಅನ್ನುತ್ತಲೇ ಇದ್ದೆ.

ರಿಪೋರ್ಟಿನ ದಿನ ಮೂವರೂ ಹೋದೆವು. ಡಾಕ್ಟರಮ್ಮ ಕಾಗದ ತಿರುವಿದರು. ಇಂಗ್ಲಿಷ್ ನನಗೆ ಬರುವುದಿಲ್ಲ. ಅವರ ಮುಖವನ್ನೇ ಓದುತ್ತಿದ್ದೆ.

"ಕ್ಯಾನ್ಸರ್ ಅಲ್ಲ."

ಹೆಂಡತಿ ನನ್ನ ಮೊಣಕೈ ಹಿಡಿದಳು. ಗಾಯದ ಕಡೆಯ ಕೈ ಅದು; ಇಷ್ಟು ದಿನ ಹುಷಾರಾಗಿ ಮುಟ್ಟುತ್ತಿದ್ದವಳು ಅವತ್ತು ಹಿಂಡಿಬಿಟ್ಟಳು.

"ಚರ್ಮದ ಕೆಳಗಿನ ಕೊಬ್ಬು ಜಜ್ಜಿಹೋಗಿ, ಸತ್ತು, ಗಂಟು ಕಟ್ಟಿದೆ. ಸ್ಕ್ಯಾನಿಗೂ ರಿಪೋರ್ಟಿಗೂ ತಾಳೆ ಆಗ್ತದೆ. ಆದ್ರೆ ಪೆಟ್ಟಿಲ್ಲದೆ ಸಾಮಾನ್ಯವಾಗಿ ಹೀಗಾಗಲ್ಲ. ನೀವು ಪೆಟ್ಟೇ ಬಿದ್ದಿಲ್ಲ ಅಂತೀರಿ."

"ಬಿದ್ದಿಲ್ರಿ," ಅಂದೆ. ಖರೇ ಅಂದರೆ ಖರೇ.

"ಡಾಕ್ಟ್ರೇ," ನನ್ನ ಹೆಂಡತಿ ಅಂದಳು, "ಇವ್ರ ಬನಿಯನ್ ಎಲ್ಲಾ ಬರೋಬರಿ ಅದೇ ಜಾಗದಾಗ ಕರೀ ಆಗಿರ್ತಾವ್ರಿ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ."

ಅವಳ ತಮ್ಮ ಹಣೆ ಬಡಿದುಕೊಂಡ. ಮೂಲೆಯಲ್ಲಿದ್ದ ಸಲೈನ್ ಬಾಟಲಿ ತೂಗುಹಾಕುವ ಕೋಲನ್ನು ಹಿಡಿದು, ಅಡ್ಡ ಮಾಡಿ, ಅದರ ತುದಿಗೆ ತನ್ನ ಬಲ ಎದೆ ಕೊಟ್ಟು, ಹಲ್ಲು ಕಚ್ಚಿ, ನನ್ನಂತೆಯೇ ಮೂಗು ಅರಳಿಸಿ ಒತ್ತಿ ತೋರಿಸಿದ. "ಹಿಂಗ ಬಿಗೀತಾನ್ರಿ ಪಾನಾ. ಎಡಗೈಗಿ ಭಾರ ಹಾಕಬ್ಯಾಡಂತ ನೀವೇ ಹೇಳಿದ್ರಲ್ರಿ, ಅದಕ್ಕ ಎದಿ ಕೊಡ್ತಾನ. ಒಂದು ಬೋರಿಗಿ ಎಷ್ಟು ಪೈಪೋ ಅಷ್ಟು ಸಲ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ನಕ್ಕರೋ ಗಾಬರಿಯಾದರೋ ತಿಳಿಯಲಿಲ್ಲ. "ಮತ್ತೆ ಪೆಟ್ಟಿಲ್ಲ ಅಂದ್ರಿ?"

"ಅದು ಪೆಟ್ಟಲ್ರಿ," ಅಂದೆ. "ಅದು ಕೆಲಸ."

ಅವನು ಕೋಲನ್ನು ಮೂಲೆಗೆ ಇಟ್ಟ. ಕುರ್ಡಿಯಿಂದ ಬಂದು ಬಚ್ಚಲಲ್ಲಿ ತಿಕ್ಕಿದ ಆ ಕಪ್ಪು ಕಲೆ ನನ್ನ ಕಣ್ಣ ಮುಂದೆ ಬಂತು. ಗ್ರೀಸು ಗುರುತು ಹಾಕಿ ತೋರಿಸಿದ್ದನ್ನು ನಾನು ಸೋಪು ಹಚ್ಚಿ ತೊಳೆದಿದ್ದೆ.

ಗಂಟು ಒಮ್ಮೆಲೇ ಹೋಗುವುದಿಲ್ಲ, ನಿಧಾನಕ್ಕೆ ಕರಗಬಹುದು, ಕರಗದೆಯೂ ಇರಬಹುದು, ಚೆಕಪ್ಪು ಮಾತ್ರ ತಪ್ಪಿಸಬಾರದು ಎಂದು ಹೇಳಿ ಕಳಿಸಿದರು. ಹೊಸದೇನು ಸಿಕ್ಕರೂ ಮರುದಿನವೇ ಬರಬೇಕು. ಇದು ಹೀಗಾಯಿತೆಂದು ಮುಂದಿನದೂ ಹೀಗೇ ಆಗುತ್ತದೆಂದು ತಿಳಿಯಬಾರದು ಅಂದರು. ಆ ಮಾತನ್ನು ಅವರು ನನಗಲ್ಲ, ನನ್ನ ಹೆಂಡತಿಗೆ ಹೇಳಿದರು. ಹೊರಗೆ ಬೆಂಚಿನ ಮೇಲೆ ಅವತ್ತಿನ ಹಿರಿಯಳನ್ನು ಹುಡುಕಿದೆ. ಬೇರೆಯವರಿದ್ದರು.

ಈಗ ಪಾನಾ ಹಿಡಿಯುವವನು ನನ್ನ ಹೆಂಡತಿಯ ತಮ್ಮ. ನಾನು ದಾರ ಸುತ್ತುತ್ತೇನೆ, ಪೇಂಟು ಬಳಿಯುತ್ತೇನೆ, ಕ್ಲಾಂಪು ನೋಡುತ್ತೇನೆ, ಕಿವಿ ಕೊಡುತ್ತೇನೆ. ಒಮ್ಮೊಮ್ಮೆ ಮೈ ಮರೆತು ಹಿಡಿಕೆಯ ಕಡೆ ಬಾಗುತ್ತದೆ. "ಮಾಮಾ, ಎದಿ!" ಎಂದು ಅವನು ಎಲ್ಲರೆದುರಿಗೆ ಒದರುತ್ತಾನೆ. ಕೇಳಿದವರು ಏನೆಂದು ವಿಚಾರಿಸಿದರೆ ಈಗ ಹೇಳುತ್ತೇನೆ. ಹಾರ್ಟು ಅಲ್ಲ, ಎದೆಯ ಕ್ಯಾನ್ಸರ್ ಆಗಿತ್ತು, ಗಂಡಸರಿಗೂ ಬರುತ್ತದೆ, ಗಂಟು ಸಿಕ್ಕರೆ ತೋರಿಸ್ರಿ ಅನ್ನುತ್ತೇನೆ. ಕೆಲವರು ಅಂಗಿಯ ಮೇಲಿಂದಲೇ ತಮ್ಮ ಎದೆ ಒತ್ತಿ ನೋಡಿಕೊಳ್ಳುತ್ತಾರೆ.

ಸಂಜೆ ಮನೆಗೆ ಬಂದರೆ ಹೆಂಡತಿ ಮೊದಲು ಬನಿಯನ್ ಬಿಚ್ಚಿಸಿ ನೋಡುತ್ತಾಳೆ, ಆಮೇಲೆ ನನ್ನ ಮುಖ. ಮೊನ್ನೆ ಬಲಗಡೆ ಒಂದು ತೆಳು ಕಪ್ಪು ಗೆರೆ ಇತ್ತು.

"ಇದೇನ್ರಿ?"

"ಚೈನಿಂದು. ಹೆಗಲ ಮ್ಯಾಲ ಹಾಕ್ಕೊಂಡಿದ್ದೆ."

ನಿಜಕ್ಕೂ ಚೈನಿನದೇ. ಅವಳು ಬನಿಯನ್ನನ್ನು ಕೈಯಲ್ಲಿ ಹಿಡಿದುಕೊಂಡೇ ತಮ್ಮನಿಗೆ ಫೋನು ಹಚ್ಚಿದಳು. ಅವನು ಹೌದೆಂದ ಮೇಲೂ ನಂಬದೆ, ಬೆರಳು ಒದ್ದೆ ಮಾಡಿಕೊಂಡು ಹತ್ತಿರ ಬಂದಳು. ಹುಡುಕಿದಳು. ಹುಣಸೆ ಬೀಜದಂಥ ಆ ಗಂಟು ಸಿಗಲು ಈಗ ಸ್ವಲ್ಪ ಹೊತ್ತು ಬೇಕಾಗುತ್ತದೆ.